ಇಪ್ಪತ್ತೊಂದು ಅಡಿಯ ಮನೆಗಾಡಿ

ಮೂರು ಕಳ್ಳಿ ತಂಗುದಾಣ,
ಕ್ವಾರ್ಟ್‌ಸೈಟ್, ಅರಿಜೋನಾ
ಜನವರಿ ೯

ಡೆಲ್ಮರ್,

ನೀನು ಫೋನು ಎತ್ತುವುದಿಲ್ಲವೆಂದು ನಿನ್ನ ಅಕ್ಕ ಫರ್ನ್ ಹೇಳಿದಳು. "ಅವಳು ಬೇಕಾದ್ರೆ ಬರೀಲಿ. ಫೋನಲ್ಲಿ ಹೇಳಿದ್ದನ್ನ ಮಾರನೇ ದಿನ ಹೇಳೇ ಇಲ್ಲ ಅಂತಾಳೆ" ಅಂದೆಯಂತೆ. ಸರಿ, ಬರೆಯುತ್ತಿದ್ದೇನೆ. ಬೇಕಾದರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೋ.

ವಿಷಯ ಇಷ್ಟೆ. ನೀನು ಸಿಮೆಂಟ್ ಕಂಬಕ್ಕೆ ಗುದ್ದಿಸಿದ ನಮ್ಮ ಮೂವತ್ತೇಳು ಅಡಿಯ ಮನೆಗಾಡಿಯನ್ನು ಮಾರುತ್ತಿದ್ದೇನೆ. ಮಾರ್ಚ್ ೩೧ರಂದು ಯೂಮಾದ ವ್ಯಾಪಾರಿ ಅದನ್ನು ಒಯ್ದು ಇಪ್ಪತ್ತೊಂದು ಅಡಿಯದೊಂದನ್ನು ತಂದು ನಿಲ್ಲಿಸುತ್ತಾನೆ. ಒಂದು ಹಾಸಿಗೆ, ಎರಡು ಉರಿಯ ಒಲೆ, ಕೂತರೆ ಮೊಣಕಾಲು ಬಾಗಿಲಿಗೆ ತಾಗುವ ಪಾಯಿಖಾನೆ. ದೊಡ್ಡ ಗಾಡಿಯ ಹೊಟ್ಟೆಯಡಿ ಆರು ಗೂಡುಗಳಿದ್ದವಲ್ಲ, ಇದಕ್ಕೆ ಹಾಸಿಗೆಯ ಕೆಳಗೆ ಒಂದೇ ಗೂಡು, ಹಿಂಬಾಗಿಲು ತೆರೆದು ಕೈ ಹಾಕಬೇಕು. ಆರು ಗೂಡಿನ ಸಾಮಾನನ್ನು ಒಂದಕ್ಕೆ ಇಳಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಆ ಆರರಲ್ಲಿ ಐದು ನಿನ್ನವು.

ನಿನ್ನೆ ಎಲ್ಲವನ್ನೂ ಹೊರಗೆಳೆದು ಮರಳಿನ ಮೇಲೆ ಹರಡಿದೆ. ನನಗೇ ನಾಚಿಕೆಯಾಯಿತು. ಪಕ್ಕದ ಓಪಲ್ ಸೊಂಟಕ್ಕೆ ಕೈಯಿಟ್ಟು ನಿಂತು, "ಅಂಗಡಿ ಯಾವಾಗಿಂದ ಇಟ್ಟೆ ಆರ್ಡಿತ್?" ಎಂದಳು. ನಾಲ್ಕು ಡೇರೆ, ಡೆಲ್ಮರ್! ಹಾಸಿಗೆ, ಹೀಟರು, ಟೀವಿ ಇರುವ ಮನೆಯಲ್ಲಿ ಮಲಗುವ ಮನುಷ್ಯನಿಗೆ ನಾಲ್ಕು ಡೇರೆ. ಹಣೆಗೆ ಕಟ್ಟಿಕೊಳ್ಳುವ ದೀಪಗಳು ಏಳು. ನಿನಗಿರುವುದು ಒಂದೇ ಹಣೆ, ಅದೂ ಅಷ್ಟೇನೂ ದೊಡ್ಡದಲ್ಲ. ಗಾಳದ ಕೋಲು ಹನ್ನೊಂದು, ಹಿಡಿದ ಮೀನು ನನಗೆ ನೆನಪಿರುವಂತೆ ಎರಡು. ಹಿಮದಲ್ಲಿ ನಡೆಯುವ ಬಲೆಚಪ್ಪಲಿ ಎರಡು ಜೊತೆ, ಈ ಮರುಭೂಮಿಯಲ್ಲಿ. ಎದುರಿಗೆ ಏನು ಕದಲಿದರೂ ತಾನಾಗಿ ಫೋಟೋ ತೆಗೆಯುತ್ತದಲ್ಲ, ಪ್ರಾಣಿಗಳಿಗೆಂದು ನೀನು ಕೊಂಡ ಆ ಕ್ಯಾಮೆರಾದ ಪಟ್ಟಿ ಸಿಕ್ಕಿತು, ಕ್ಯಾಮೆರಾ ಸಿಗಲಿಲ್ಲ. ಸೈಕಲ್ ಕಳುವಾದ ಮೇಲೆ ಕ್ಯಾಮೆರಾವನ್ನು ಗಾಡಿಯ ಹಿಂದಿನ ಏಣಿಗೆ ಬಿಗಿದು ಕಳ್ಳರಿಗಾಗಿ ಕಾದಿದ್ದೆಯಲ್ಲ, ಅದೇ. ಕಳ್ಳ ಅದನ್ನೇ ಕದ್ದಿರಬೇಕು.

ಇನ್ನು ಆ ಎರಡು ಸೀಟಿನ ಕಯಾಕ್. ಇಲ್ಲಿಯವರು ಅದನ್ನು ಡೈವೋರ್ಸ್ ದೋಣಿ ಅನ್ನುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಹುಟ್ಟು ಹಾಕಿದರೆ ದಡ ಸೇರುವುದರೊಳಗೆ ಇಬ್ಬರಿಗೂ ವಕೀಲರ ಹೆಸರು ನೆನಪಾಗುತ್ತದಂತೆ. ಗಾಡಿಯಲ್ಲಿ ಬದುಕಿದ ಹನ್ನೊಂದು ವರ್ಷವೂ ನಾವು ಹಾಕಿದೆವು. ವಕೀಲರವರೆಗೆ ಹೋಗುವ ಉಮೇದೂ ನಮಗಿರಲಿಲ್ಲ. ನೀನು ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ, ನಾನು ಇಲ್ಲೇ ಉಳಿದೆ.

ಉಳಿಯುವುದಕ್ಕೆ ನೀಲಿ ಟೇಪು ಅಂಟಿಸುತ್ತಿದ್ದೇನೆ, ಹೋಗುವುದಕ್ಕೆ ಹಸಿರು. ಹಸಿರಿನದೆಲ್ಲ ಬಟ್ಟೆ ಒಗೆಯುವ ಕೋಣೆಯ ಹೊರಗಿನ ಮೇಜಿಗೆ ಹೋಗುತ್ತದೆ, ಬೇಕಾದವರು ಒಯ್ಯುತ್ತಾರೆ. ನಿನ್ನದು ನಿನಗೆ ಬೇಕಿದ್ದರೆ ಮಾರ್ಚ್ ೩೧ರೊಳಗೆ ಬಂದು ತೆಗೆದುಕೊಂಡು ಹೋಗು. ಜೊತೆಗಿರುವ ಮಾರಾಟದ ಕಾಗದಕ್ಕೆ ಸಹಿ ಹಾಕಿ ಕಳಿಸು.

ಹದಿನಾಲ್ಕು ತಿಂಗಳಿಂದ ನೆಮ್ಮದಿಯಾಗಿರುವ,
ಆರ್ಡಿತ್

ಬೆಮಿಜಿ, ಮಿನೆಸೋಟ
ಜನವರಿ ೨೦

ಆರ್ಡಿತ್,

ಕಾಗದಕ್ಕೆ ಸಹಿ ಹಾಕಿ ಇಟ್ಟಿದ್ದೇನೆ. ಅದಕ್ಕೆ ಯಾವ ಷರತ್ತೂ ಇಲ್ಲ. ಗಾಡಿ ಮಾರು, ಕೊಂಡುಕೋ, ನಿನ್ನಿಷ್ಟ.

ಸಾಮಾನು ನನಗೆ ಬೇಡ. ಡೇರೆ, ದೀಪ, ಕೋಲು ಎಲ್ಲಕ್ಕೂ ಹಸಿರು ಟೇಪು ಹಚ್ಚು. ನೀನು ಟೇಪು ಹಚ್ಚುವ ಸಂಭ್ರಮವನ್ನು ನಾನು ಊಹಿಸಬಲ್ಲೆ. ಹನ್ನೊಂದು ವರ್ಷ ನಾನು ಪ್ರತಿ ಪೆಟ್ಟಿಗೆಗೂ ಚೀಟಿ ಅಂಟಿಸಿದಾಗ, "ಔಷಧಿ ಅಂಗಡಿ ಇಡು ಹೋಗು" ಎಂದು ನಗುತ್ತಿದ್ದವಳು ನೀನೇ. ಈಗ ಬಣ್ಣ ಬಣ್ಣದ ಟೇಪು ಹಿಡಿದು ಓಡಾಡುತ್ತಿದ್ದೀಯ. ಬುದ್ಧಿ ಬಂತಲ್ಲ, ಸಂತೋಷ.

ಸಣ್ಣ ಗಾಡಿಗೆ ಸಾಮಾನು ಹೇರುವುದು ನಿನಗೆ ಬರುವುದಿಲ್ಲ, ಹಾಗಾಗಿ ಕೇಳು. ಭಾರದ್ದು ಕೆಳಗೆ, ಎರಡು ಅಚ್ಚುಗಳ ನಡುವೆ. ಹಿಂದಿನ ಅಚ್ಚಿನಾಚೆ ಭಾರ ಹೇರಿದರೆ ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ, ಗಾಳಿ ಬೀಸಿದಾಗ ಗಾಡಿ ಬಾಲ ಅಲ್ಲಾಡಿಸುತ್ತದೆ. ಅಲ್ಲಾಡುವುದನ್ನು ತೂಗುಹಾಕು, ಮಡಚುವುದನ್ನು ಮಡಚು, ಮಡಚಲಾಗದ್ದನ್ನು ಬಿಡು. ದಿನಾ ಬೇಕಾದ್ದು ಬಾಗಿಲ ಬಳಿ, ವಾರಕ್ಕೊಮ್ಮೆ ಬೇಕಾದ್ದು ಅದರ ಹಿಂದೆ. ವರ್ಷಕ್ಕೊಮ್ಮೆ ಬೇಕಾದ್ದು ಬೇಕಿಲ್ಲ.

ಆದರೆ ಗಾಡಿ ಯಾಕೆ ಬೇಕು ನಿನಗೆ? ಗ್ಯಾರೇಜಿನವನು ರಿಪೇರಿ ಮಾಡಿ ತಂದು ನಿಲ್ಲಿಸಿದ ಜಾಗದಿಂದ ಹದಿನಾಲ್ಕು ತಿಂಗಳು ಒಂದಡಿ ಕದಲಿಲ್ಲವಂತೆ. ಹಿಂದೆ ನಿಂತು ಕೈಸನ್ನೆ ಮಾಡುವವರಿಲ್ಲದೆ ನಿನ್ನಿಂದ ಆಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬಾರದೇ?

ನನಗೆ ಬೇಕಾದ್ದು ಒಂದೇ ಸಾಲು. ಸ್ವಂತ ಕೈಯಲ್ಲಿ ಬರೆದು ಕಳಿಸು. ಕೊಯೋಟೆ ಬೆಂಡ್ ತಂಗುದಾಣದ ಸ್ಥಳ ೨೩ರಲ್ಲಿ, ನಾನು ಗಾಡಿಯನ್ನು ಹಿಂದಕ್ಕೆ ತರುತ್ತಿದ್ದಾಗ, ನೀನು ಅಂಗೈ ತೆರೆದು ಬೀಸಿದೆ. ತೆರೆದ ಅಂಗೈ ಎಂದರೆ "ಬಾ". ಮುಷ್ಟಿ ಎಂದರೆ "ನಿಲ್ಲು". ಹಿಮ ಗುಡಿಸುವ ಲಾರಿಯ ಮೇಲೆ ಮೂವತ್ತೊಂದು ವರ್ಷ ನಾನು ನಂಬಿದ ಸನ್ನೆ ಅದೇ, ಮೊದಲ ದಿನವೇ ನಿನಗೂ ಕಲಿಸಿದೆ. ನೀನು "ಬಾ" ಎಂದೆ, ನಾನು ಬಂದೆ, ಕಂಬ ಸಿಕ್ಕಿತು. ಆಮೇಲೆ ನೀನು ಎಲ್ಲರೆದುರು ಮುಷ್ಟಿ ಎತ್ತಿದ್ದೆ ಎಂದೆ, ನನ್ನ ಕೈಯಿಂದ ಕೀಲಿ ಕಿತ್ತುಕೊಂಡೆ. ಅದು ಸಾಲದೆಂದು ಆ ವರ್ಷದ ಡಿಸೆಂಬರಿನಲ್ಲಿ ಅರವತ್ತು ಜನಕ್ಕೆ ಕಳಿಸಿದ ನಿನ್ನ ಕ್ರಿಸ್‌ಮಸ್ ಕಾಗದದಲ್ಲಿ ಅಚ್ಚು ಹಾಕಿಸಿದೆ: "ನಾನು ಮುಷ್ಟಿ ಎತ್ತಿ ನಿಂತಿದ್ದರೂ ಡೆಲ್ಮರ್‌ಗೆ ಕಾಣಲಿಲ್ಲ, ಇನ್ನು ಅವನ ಕೈಗೆ ಸ್ಟೀರಿಂಗ್ ಕೊಡುವಂತಿಲ್ಲ."

ಅಂಗೈ ಬೀಸಿದೆ ಎಂದು ಬರೆ. ಒಂದೇ ಸಾಲು.

ಡೆಲ್ಮರ್

ಮೂರು ಕಳ್ಳಿ ತಂಗುದಾಣ
ಫೆಬ್ರವರಿ ೩

ಡೆಲ್ಮರ್,

ಸಹಿ ತಲುಪಿತು. ಸಾಲು ಬರುವುದಿಲ್ಲ.

ನಾನು ಮುಷ್ಟಿ ಎತ್ತಿದ್ದೆ. ಆ ದಿನ ಓಪಲ್ ಕೂಡ ಕೊಯೋಟೆ ಬೆಂಡ್‌ಗೆ ಬಂದಿದ್ದಳು, ಅವಳೇ ನೋಡಿದ್ದಾಳೆ. ಅರವತ್ತೆಂಟು ವರ್ಷದ ಗಂಡಸು ಒಂದು ಕಂಬಕ್ಕಾಗಿ ಹದಿನಾಲ್ಕು ತಿಂಗಳು ಮುಖ ಊದಿಸಿಕೊಂಡು ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಫರ್ನ್ ಮಾಡುವ ಆಲೂಗಡ್ಡೆ, ಮಾಂಸದ ಹಾಟ್‌ಡಿಶ್ ದಿನಾ ತಿಂದು ತಿಂದು ನಿನ್ನ ತಲೆಯಲ್ಲೂ ಆಲೂಗಡ್ಡೆ ತುಂಬಿಕೊಂಡಿದೆ.

ಗಾಡಿ ಕದಲಿಸದಿರುವುದು ನನ್ನ ಇಷ್ಟ. ಇಲ್ಲಿಂದ ಕಾಣುವ ನೋಟ ಚೆನ್ನಾಗಿದೆ.

ನಿನ್ನ ಉಪದೇಶ ಬೇಕಿಲ್ಲದೆ ನಾನೊಂದು ಕೆಲಸ ಮಾಡಿದ್ದೇನೆ. ವ್ಯಾಪಾರಿ ಕೊಟ್ಟ ಅಳತೆ ಹಿಡಿದು ಮರಳಿನ ಮೇಲೆ ಕಲ್ಲುಗಳನ್ನಿಟ್ಟು ಸಣ್ಣ ಗಾಡಿಯ ಗುರುತು ಹಾಕಿದೆ. ಇಪ್ಪತ್ತೊಂದು ಅಡಿ ಉದ್ದ, ಏಳು ಅಡಿ ಅಗಲ. ಹಾಸಿಗೆಗೆ ಬಿಳಿ ಕಲ್ಲು, ಒಲೆಗೆ ಕೆಂಪು ಕಲ್ಲು, ಹಾಸಿಗೆಯಡಿಯ ಗೂಡಿಗೆ ಕರಿ ಕಲ್ಲು. ಆ ಕರಿ ಕಲ್ಲಿನೊಳಗೆ ಕೂರದಿದ್ದದ್ದು ನನ್ನ ಜೀವನದಲ್ಲಿಲ್ಲ ಎಂದು ತೀರ್ಮಾನಿಸಿದೆ. ದಿನಾ ಬೆಳಗ್ಗೆ ಕಾಫಿ ಹಿಡಿದು ಈ ಕಲ್ಲಿನ ಗಾಡಿಯೊಳಗೆ ಹೋಗಿ ಕೂರುತ್ತೇನೆ. ದಾರಿಹೋಕರು ನಿಂತು ನೋಡುತ್ತಾರೆ.

"ಇದೇನ್ ಸಮಾಧೀನಾ?" ಎಂದ ಆಚೆ ಸಾಲಿನ ಮುದುಕ.

"ಹೌದು, ಗೋಡೆ ದಾಟಿ ಒಳಗೆ ಬರ್ಬೇಡಿ. ಬಾಗಿಲು ಈ ಕಡೆ ಇದೆ" ಎಂದೆ.

ಪಾಪ, ಆತ ಕಲ್ಲು ಸುತ್ತಿಕೊಂಡು ಬಾಗಿಲಿಗೇ ಬಂದು, "ಟಕ್ ಟಕ್" ಎಂದ. ನಿನಗಿಂತ ಬುದ್ಧಿವಂತ.

ಹೊರಗೆ ಅಡುಗೆ ಮಾಡಲು ನೀನು ಕೊಂಡ ಮೂರು ಒಲೆಗಳಲ್ಲಿ ಒಂದನ್ನು ಇಟ್ಟುಕೊಂಡೆ. ಮೀನಿನ ಕೋಲುಗಳನ್ನು ಮೇಜಿನ ಮೇಲಿಟ್ಟ ಒಂದು ಗಂಟೆಯಲ್ಲಿ ಎಲ್ಲವೂ ಮಾಯ. ಕೊನೆಗೂ ಅವು ಏನನ್ನೋ ಹಿಡಿದವು. ಮಡಚುವ ಕುರ್ಚಿಗಳನ್ನು ಕರಿ ಕಲ್ಲಿನೊಳಗೆ ನಿಲ್ಲಿಸಿ ನೋಡಿದೆ. ಒಂದಾದರೆ ಕೂರುತ್ತದೆ, ಎರಡಾದರೆ ನೀರಿನ ಪೈಪು ಇಡಲು ಜಾಗವಿಲ್ಲ. ನಿನ್ನ ಕುರ್ಚಿಗೆ ಹಸಿರು ಟೇಪು ಹಚ್ಚಿದೆ. ತೋಳಿನ ಮೇಲೆ ಕಾಫಿಯ ಕಲೆ ಇರುವುದರಿಂದ ಅದನ್ನು ಯಾರೂ ಒಯ್ಯುತ್ತಿಲ್ಲ.

ಆರ್ಡಿತ್

ಬೆಮಿಜಿ
ಫೆಬ್ರವರಿ ೧೪

ಆರ್ಡಿತ್‌ಗೆ,

ಪ್ರೇಮಿಗಳ ದಿನದಂದು ಫರ್ನ್ ನಿನಗೆ ಕಾಗದ ಬರೆಯುತ್ತಾಳೆಂದು ನಿರೀಕ್ಷಿಸಿರಲಿಕ್ಕಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಡೆಲ್ಮರ್‌ಗೆ ಇದು ಗೊತ್ತಿಲ್ಲ. ನಿನ್ನ ಕಾಗದವನ್ನು ನಾನು ಓದಿದ್ದೂ ಗೊತ್ತಿಲ್ಲ. ನನ್ನ ಹಾಟ್‌ಡಿಶ್ ಬಗ್ಗೆ ಬರೆದದ್ದನ್ನೂ ಓದಿದೆ, ಧನ್ಯವಾದ.

ನಿನಗೊಂದು ವಿಷಯ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಹಿಮ ಜೋರಾದಾಗ ನಮ್ಮ ಕೌಂಟಿಯ ರಸ್ತೆ ಇಲಾಖೆಯವರು ನಿವೃತ್ತರಾದ ಹಳೆಯ ಚಾಲಕರನ್ನೂ ಕರೆಯುತ್ತಾರೆ. ಇವನು ಬಂದ ಮೇಲೆ ಇದು ಎರಡನೇ ಚಳಿಗಾಲ. ಎಲ್ಲರನ್ನೂ ಕರೆದರು, ಇವನೊಬ್ಬನನ್ನು ಬಿಟ್ಟು. ಇಲಾಖೆಯ ಮುಖ್ಯಸ್ಥನ ಹೆಂಡತಿ ನಿನ್ನ ಕ್ರಿಸ್‌ಮಸ್ ಕಾಗದದ ಅರವತ್ತು ಜನರಲ್ಲಿ ಒಬ್ಬಳು, ಮರೆತೆಯೇನು?

ಹೋದ ತಿಂಗಳ ಬಿರುಗಾಳಿಯ ದಿನ ಇವನು ಬೆಳಗ್ಗೆ ನಾಲ್ಕಕ್ಕೇ ಎದ್ದು ಬೂಟು ಹಾಕಿಕೊಂಡು, ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. "ಏನೋ ಮಾಡ್ತಿದ್ದೀಯ?" ಎಂದೆ. "ಏನಿಲ್ಲ, ಬೂಟು ಬಿಗಿಯಾಗಿದೆಯಾ ಅಂತ ನೋಡ್ತಿದ್ದೆ" ಎಂದ. ಮಧ್ಯಾಹ್ನದವರೆಗೂ ನೋಡಿದ. ಆಮೇಲೆ ಬಿಚ್ಚಿಟ್ಟ. ನನ್ನ ಕಾರಿನ ಕೀಲಿ ಕೊಟ್ಟರೂ ಮುಟ್ಟುವುದಿಲ್ಲ, ಅಂಚೆಕಚೇರಿಗೂ ನಡೆದೇ ಹೋಗುತ್ತಾನೆ. ಇಲ್ಲಿಯ ಚಳಿ ನಿನಗೆ ಗೊತ್ತು.

ಅವನು ಮೊಂಡ, ನೀನು ಅವನಿಗಿಂತ ಮೊಂಡಿ. ನಿಮ್ಮಿಬ್ಬರನ್ನೂ ಆ ದೋಣಿಯಲ್ಲಿ ಕೂರಿಸಿ ದಡದಿಂದ ದಬ್ಬಿಬಿಡಬೇಕಿತ್ತು. ಮುಷ್ಟಿಯೋ ಅಂಗೈಯೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತು.

ಫರ್ನ್

ಬೆಮಿಜಿ
ಫೆಬ್ರವರಿ ೧೬

ಆರ್ಡಿತ್,

ಮರಳಿನಲ್ಲಿ ಕಲ್ಲಿಟ್ಟು ಮನೆಯಾಟ ಆಡುತ್ತಿರುವುದನ್ನು ಓದಿದೆ. ಕಲ್ಲಿಗೆ ಎತ್ತರವಿಲ್ಲ. ಹಾಸಿಗೆಯಡಿ ನಿನಗೆ ಸಿಗುವುದು ಮೂವತ್ತು ಅಂಗುಲ. ನಿಲ್ಲಿಸಿದ ಕುರ್ಚಿ ಅದರೊಳಗೆ ಕೂರುವುದಿಲ್ಲ, ಒಂದಾದರೂ ಅಷ್ಟೆ, ಎರಡಾದರೂ ಅಷ್ಟೆ. ಹಿಂಬಾಗಿಲಿನ ಒಳಮೈಗೆ ಎರಡು ಕೊಕ್ಕೆ ಹಾಕಿಸು, ಕುರ್ಚಿ ಅಲ್ಲಿ ತೂಗಲಿ. ಇಷ್ಟು ಹೊಳೆಯಲಿಲ್ಲವೇ ನಿನಗೆ?

ಎಲ್ಲವನ್ನೂ ಹೇರಿದ ಮೇಲೆ ಲಾರಿಗಳನ್ನು ತೂಗುವ ಕಡೆ ನಿಲ್ಲಿಸಿ ತೂಗಿಸು. ಡೀಸೆಲ್, ನೀರು ತುಂಬಿ, ನೀನೂ ಒಳಗಿದ್ದು ತೂಗಿಸು. ನಿನ್ನ ತೂಕ ಬಿಟ್ಟು ಹೇಳಿದರೆ ಟೈರು ಮೋಸಹೋಗುವುದಿಲ್ಲ.

ಇನ್ನೊಂದು ಮಾತು. ಚಾಲಕನ ಕಡೆಯ ಕೊನೆಯ ಗೂಡಿನಲ್ಲಿ ಬೂದು ಮುಚ್ಚಳದ ಪೆಟ್ಟಿಗೆಯೊಂದಿದೆ. ಚಕ್ರದಡಿ ಇಡುವ ಹಳದಿ ಹಲಗೆಗಳು ಅದರಲ್ಲಿವೆ. ಸಣ್ಣ ಗಾಡಿಗೆ ಅವು ಹೊಂದುವುದಿಲ್ಲ. ಬಿಚ್ಚಬೇಡ, ಮೇಜಿನ ಮೇಲೂ ಇಡಬೇಡ. ಹಾಗೇ ಕಸದ ತೊಟ್ಟಿಗೆ ಹಾಕು.

ಓಪಲ್ ನೋಡಿದಳು ಎಂದು ಇನ್ನೊಮ್ಮೆ ಬರೆಯಬೇಡ. ಓಪಲ್ ನನ್ನ ಹಿಂದೆ ನಿಂತಿರಲಿಲ್ಲ, ನೀನು ನಿಂತಿದ್ದೆ. ಸಾಲು ಬರೆಯದಿದ್ದರೆ ಕಾಗದವನ್ನೂ ಬರೆಯಬೇಡ. ಇದು ನನ್ನ ಕೊನೆಯದು.

ಡೆಲ್ಮರ್

ಮೂರು ಕಳ್ಳಿ ತಂಗುದಾಣ
ಮಾರ್ಚ್ ೪

ಡೆಲ್ಮರ್,

ಬಿಚ್ಚಬೇಡ ಎಂದು ನನಗೆ ಹೇಳಿದರೆ ನಾನು ಏನು ಮಾಡುತ್ತೇನೆಂದು ಮೂವತ್ತೆಂಟು ವರ್ಷದಲ್ಲಿ ನೀನು ಕಲಿಯಲಿಲ್ಲ.

ಬಿಚ್ಚಿದೆ. ಈಗ ಹೆಚ್ಚು ಬರೆಯಲಾರೆ.

ಆರ್ಡಿತ್

ಮೂರು ಕಳ್ಳಿ ತಂಗುದಾಣ
ಏಪ್ರಿಲ್ ೧

ಡೆಲ್ಮರ್,

ಗಾಡಿ ಬಂತು. ನಿನ್ನೆ ದೊಡ್ಡದನ್ನು ಒಯ್ದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ, ಆಮೇಲೆ ಹೋಗಿ ಕಲ್ಲುಗಳನ್ನು ಒದ್ದು ಚದುರಿಸಿದೆ. ನೀನು ಹೇಳಿದ್ದು ಸರಿ, ಮೂವತ್ತು ಅಂಗುಲ. ಕುರ್ಚಿ ಕೂರಲಿಲ್ಲ. ನಿನಗೆ ಖುಷಿಯಾಗಿರಬೇಕು.

ಈಗ ಆ ಪೆಟ್ಟಿಗೆ. ಹಲಗೆಗಳನ್ನು ಒಂದೊಂದಾಗಿ ತೆಗೆದೆ. ಎಲ್ಲಕ್ಕಿಂತ ಕೆಳಗೆ, ಹಳೆಯ ಕಾಲುಚೀಲದಲ್ಲಿ ಸುತ್ತಿದ ಪ್ರಾಣಿಗಳ ಕ್ಯಾಮೆರಾ. ಅದಕ್ಕೆ ದಾರದಿಂದ ಕಟ್ಟಿದ ಪುಟ್ಟ ಲಕೋಟೆ, ಲಕೋಟೆಯಲ್ಲಿ ಫೋಟೋಗಳಿರುವ ಮೆಮರಿ ಕಾರ್ಡು. ಲಕೋಟೆಯ ಮೇಲೆ ಚೀಟಿ. ಹಾಳಾದ್ದು, ಅದಕ್ಕೂ ಚೀಟಿ ಅಂಟಿಸಿದ್ದೀಯ! ನಿನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ: "ಕೊಯೋಟೆ ಬೆಂಡ್, ಸ್ಥಳ ೨೩. ನವೆಂಬರ್ ೩. ಚಿತ್ರ ೪೧. ನೋಡಿದ್ದು ನವೆಂಬರ್ ೮."

ನವೆಂಬರ್ ಎಂಟು. ನೀನು ಬಸ್ಸು ಹತ್ತಿದ್ದು ಹದಿನಾಲ್ಕಕ್ಕೆ.

ಓಪಲ್‌ಳ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಮೊದಲ ನಲವತ್ತರಲ್ಲಿ ಒಂದು ನರಿ, ಮೂರು ಮೊಲ, ಮೂಗು ಕೆರೆದುಕೊಳ್ಳುವ ನೀನು. ನಲವತ್ತೊಂದರಲ್ಲಿ ನಾನು. ಬಲಗೈ ತಲೆಗಿಂತ ಮೇಲೆ, ಐದೂ ಬೆರಳು ಬಿಡಿಸಿಕೊಂಡಿವೆ. ಮುಖ ನಿನ್ನ ಕನ್ನಡಿಯ ಕಡೆಗಿಲ್ಲ, ರಸ್ತೆಯ ಕಡೆಗಿದೆ. ಹಲ್ಲು ಬಿಟ್ಟು ನಗುತ್ತಿದ್ದೇನೆ.

"ಅಯ್ಯೋ, ಇದು ನಂಗೆ ಬೀಸಿದ್ದು ಕಣೇ! ನಾನು ಆಗಷ್ಟೇ ಬಂದು ಇಳೀತಿದ್ದೆ" ಎಂದಳು ಓಪಲ್.

"ಮತ್ತೆ ಮುಷ್ಟಿ ನೋಡ್ದೆ ಅಂತ ಯಾಕೆ ಹೇಳ್ದೆ?"

"ನೀನು ನನ್ನ ಗೆಳತಿ. ಅವನು ಬರೀ ನಿನ್ನ ಗಂಡ."

ಇದು ನೋಡು ನನ್ನ ಸಾಕ್ಷಿ.

ನನಗೆ ಗೊತ್ತಿತ್ತೇ ಎಂದು ಕೇಳುತ್ತೀಯ. ಗೊತ್ತಿತ್ತು. ಗುದ್ದಿದ ಸದ್ದಿಗೆ ಜನ ಓಡಿ ಬಂದಾಗ ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಬೆರಳುಗಳನ್ನು ಆಗ ಮಡಚಿದೆ. ಮಡಚಿದ್ದು ನನಗೆ ನೆನಪಿದೆ, ಡೆಲ್ಮರ್. ಮೂವತ್ತೊಂದು ವರ್ಷ ಹಿಮದಲ್ಲಿ ಲಾರಿ ಓಡಿಸಿ ಒಂದು ಗೀರೂ ಬೀಳಿಸದ ಚಾಲಕ. ಪೆಟ್ಟಿಗೆಗೆ ಚೀಟಿ, ಡಬ್ಬಕ್ಕೆ ಚೀಟಿ, ನಾನು ಇಟ್ಟದ್ದೆಲ್ಲ ತಪ್ಪು ಜಾಗ, ನಾನು ಮಡಚಿದ್ದೆಲ್ಲ ತಪ್ಪು ಮಡಿಕೆ. ಒಮ್ಮೆಯಾದರೂ ತಪ್ಪು ನಿನ್ನದಾಗಲಿ ಎಂದು ನನಗೆ ಆಸೆಯಿತ್ತು. ಅಷ್ಟು ಜನ ನಿನ್ನತ್ತ ನೋಡುತ್ತಿದ್ದಾಗ ಹಾಯೆನಿಸಿತು. ಆ ಹಾಯನ್ನು ಬಿಡಲು ಮನಸ್ಸಾಗದೆ ಕೀಲಿ ಕಿತ್ತುಕೊಂಡೆ, ಆಮೇಲೆ ಅಚ್ಚು ಹಾಕಿಸಿದೆ. ನಿನ್ನನ್ನು ತುಚ್ಛವಾಗಿ ಕಂಡು ಇಷ್ಟು ಕಾಲ ಕಳೆದೆ, ಈಗ ಕನ್ನಡಿಯಲ್ಲಿರುವವಳನ್ನು ಕಂಡರೆ ಮುಖ ತಿರುಗಿಸುವಂತಾಗುತ್ತದೆ. ಫರ್ನ್ ನಿನ್ನ ಬೂಟಿನ ಬಗ್ಗೆ ಬರೆದಿದ್ದಳು. ಅವಳನ್ನು ಬೈಯಬೇಡ.

ಒಂದು ಮಾತ್ರ ಅರ್ಥವಾಗಲಿಲ್ಲ. ಸಾಕ್ಷಿ ಕೈಯಲ್ಲೇ ಇದ್ದೂ ಆರು ದಿನ ನನ್ನ ಎದುರು ಕೂತು ಊಟ ಮಾಡಿದೆಯಲ್ಲ. ಅದನ್ನು ನನ್ನ ಮುಖಕ್ಕೆ ಎಸೆಯಬಾರದಿತ್ತೇ? ಅಷ್ಟು ದೊಡ್ಡ ಮನುಷ್ಯನಾಗುವ ಹಕ್ಕು ನಿನಗೆ ಯಾರು ಕೊಟ್ಟರು?

ನೀನು ಕೇಳಿದ್ದು ಒಂದು ಸಾಲು. ಗೂಡು ಖಾಲಿ ಮಾಡುವಾಗ ಹಿಂದಿನ ಕ್ರಿಸ್‌ಮಸ್‌ಗಳಲ್ಲಿ ಉಳಿದ ಕಾರ್ಡುಗಳ ಕಟ್ಟು ಸಿಕ್ಕಿತು, ಕೆಂಪು ಟೊಪ್ಪಿಯ ಹಿಮಸಾರಂಗದ್ದು. ವರ್ಷಕ್ಕೊಮ್ಮೆ ಬೇಕಾದ್ದು ಬೇಕಿಲ್ಲ ಅಂದಿದ್ದೆಯಲ್ಲ, ಸರಿ, ಎಲ್ಲವನ್ನೂ ಮುಗಿಸಿದೆ. ಮೂರು ದಿನ ಕೂತು ಅರವತ್ತು ಕಾರ್ಡು ಬರೆದೆ, ಒಂದೊಂದನ್ನೂ ಕೈಯಲ್ಲೇ. ಎಲ್ಲದರಲ್ಲೂ ಒಂದೇ ಸಾಲು: "ಸ್ಥಳ ೨೩ರಲ್ಲಿ ನಾನು ಮುಷ್ಟಿ ಎತ್ತಿರಲಿಲ್ಲ, ಓಪಲ್‌ಗೆ ಕೈ ಬೀಸುತ್ತಿದ್ದೆ, ಡೆಲ್ಮರ್ ನಾನು ಕರೆದ ಕಡೆಗೇ ಬಂದ." ಇಂದು ಬೆಳಗ್ಗೆ ಅಂಚೆಗೆ ಹಾಕಿದೆ. ಅಂಚೆಯ ಹೆಂಗಸು ಸಾರಂಗ ನೋಡಿ, "ತಡ ಆಯ್ತಾ, ಬೇಗ ಆಯ್ತಾ?" ಎಂದಳು. ತಡ ಆಯ್ತು ಎಂದೆ.

ಇಲಾಖೆಯ ಮುಖ್ಯಸ್ಥನ ಹೆಂಡತಿಗೆ ಮೊದಲು ಬರೆದೆ. ಅರವತ್ತೊಂದನೆಯದು ಇದರೊಳಗಿದೆ.

ಗಾಡಿಯ ವಿಷಯ. ಭಾರದ್ದೆಲ್ಲ ಅಚ್ಚುಗಳ ನಡುವೆ ಇಟ್ಟೆ. ಹಿಂಬಾಗಿಲಿಗೆ ಎರಡು ಕೊಕ್ಕೆ ಹಾಕಿಸಿದೆ. ಒಂದರಲ್ಲಿ ನನ್ನ ಕುರ್ಚಿ, ಇನ್ನೊಂದರಲ್ಲಿ ಕಾಫಿ ಕಲೆಯದು. ಯಾರೂ ಒಯ್ಯದೆ ಮೇಜಿನ ಪಕ್ಕದಲ್ಲೇ ಬಿದ್ದಿತ್ತು, ಅಯ್ಯೋ ಎನಿಸಿತು. ನೀರಿನ ಪೈಪು ಪಾಯಿಖಾನೆಯಲ್ಲಿದೆ. ಡೈವೋರ್ಸ್ ದೋಣಿ ಮಾಳಿಗೆಯ ಮೇಲೆ, ಮುಂದಕ್ಕೆ ಚಾಚಿಕೊಂಡು ಟೊಪ್ಪಿ ಹಾಕಿದ ಹಾಗೆ ಕಾಣುತ್ತದೆ. ಈ ಗಾಡಿಗೆ ಹಿಂದೆ ನೋಡುವ ಕ್ಯಾಮೆರಾ ಇದೆ, ಮುಂದೆ ಪರದೆಯಲ್ಲಿ ಎಲ್ಲ ಕಾಣುತ್ತದೆ. "ಇನ್ನು ಹಿಂದೆ ಯಾರೂ ನಿಲ್ಲೋದು ಬೇಡ ಮೇಡಂ" ಎಂದು ವ್ಯಾಪಾರಿ ಹಿಗ್ಗಿದ. ಅವನು ಹೋದ ಮೇಲೆ ಆ ಕ್ಯಾಮೆರಾದ ಕಣ್ಣು ಮುಚ್ಚುವ ಹಾಗೆ ನೀಲಿ ಟೇಪು ಹಚ್ಚಿದೆ.

ಆರ್ಡಿತ್

ಬೆಮಿಜಿ
ಏಪ್ರಿಲ್ ೧೨

ಆರ್ಡಿತ್,

ಏಪ್ರಿಲ್‌ನಲ್ಲಿ ಹಿಮಸಾರಂಗ. ಊರೆಲ್ಲ ನಗುತ್ತಿದೆ. ಫರ್ನ್ ತನ್ನದನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ, ದಾಟಿ ಹೋಗುವಾಗಲೆಲ್ಲ ಗಟ್ಟಿಯಾಗಿ ಓದುತ್ತಾಳೆ.

ನೀಲಿ ಟೇಪು ಬಿಸಿಲಿಗೆ ಎರಡು ವಾರ ನಿಲ್ಲುವುದಿಲ್ಲ. ಅಂಟು ಕ್ಯಾಮೆರಾದ ಗಾಜಿಗೆ ಕಚ್ಚಿಕೊಳ್ಳುತ್ತದೆ. ಮಾಳಿಗೆಯ ಮೇಲಿನ ದೋಣಿಯನ್ನು ನಾಲ್ಕು ಕಡೆ ಕಟ್ಟಿರಬೇಕು, ನೀನು ಎರಡೇ ಕಡೆ ಕಟ್ಟಿದ್ದೀಯ. ನೀನು ಬರೆದಿಲ್ಲ, ಆದರೂ ನನಗೆ ಗೊತ್ತು. ಪಾಯಿಖಾನೆಯಲ್ಲಿ ಪೈಪು ಇಡುವವರನ್ನು ನಾನು ಕೇಳಿದ್ದೇ ಇಲ್ಲ.

ಸಾಕ್ಷಿಯನ್ನು ಯಾಕೆ ಎಸೆಯಲಿಲ್ಲ ಎಂದು ಕೇಳಿದ್ದೀಯ. ದೊಡ್ಡತನ ಏನಿಲ್ಲ, ಮೊಂಡುತನ. ಚಿತ್ರ ತೋರಿಸಿದ್ದರೆ ನೀನು ಒಪ್ಪಿಕೊಳ್ಳಲೇಬೇಕಿತ್ತು, ಅಂಥದ್ದು ನನಗೆ ಬೇಡವಾಗಿತ್ತು. ನೀನಾಗಿ ಹೇಳುತ್ತೀಯೆಂದು ಆರು ದಿನ ಕಾದೆ. ನೀನು ಬಟಾಣಿ ಸಾರು ಬಡಿಸಿದೆ, ಹವಾಮಾನದ ಬಗ್ಗೆ ಮಾತಾಡಿದೆ. ಏಳನೆಯ ದಿನ ಕಾಯುವ ಶಕ್ತಿ ನನಗಿರಲಿಲ್ಲ. ಪೆಟ್ಟಿಗೆ ಬಿಚ್ಚಬೇಡ ಎಂದು ಬರೆದದ್ದೂ ಅದಕ್ಕೇ. ಸಾಲು ಬರುವುದಾದರೆ ಚಿತ್ರವಿಲ್ಲದೆ ಬರಲಿ ಎಂದಿತ್ತು. ಅದಾಗಲಿಲ್ಲ. ಆದರೆ ನಾನು ಒಂದು ಕೇಳಿದೆ, ನೀನು ಅರವತ್ತೊಂದು ಕಳಿಸಿದೆ. ಸರಿಹೋಯಿತು ಅಂದುಕೊಳ್ಳೋಣ.

ಮೊನ್ನೆ ಇಲ್ಲಿ ಹನ್ನೆರಡು ಅಂಗುಲ ಹಿಮ ಬಿತ್ತು. ಬೆಳಗ್ಗೆ ಐದಕ್ಕೆ ಫೋನು ಬಂತು. ನಾನೇ ಎತ್ತಿದೆ.

"ಡೆಲ್ಮರ್, ಎರಡನೇ ರಸ್ತೆ ಮುಚ್ಚಿಹೋಗಿದೆ. ಹೆಂಡ್ತಿ ನಿನ್ನೆಯಿಂದ ನನ್ನ ಪ್ರಾಣ ತಿಂತಿದ್ದಾಳೆ. ಬೂಟು ಇದ್ಯಾ?" ಎಂದ ಮುಖ್ಯಸ್ಥ.

"ಹಾಕ್ಕೊಂಡೇ ಇದ್ದೀನಿ" ಎಂದೆ.

ಒಂಬತ್ತು ಗಂಟೆ ಓಡಿಸಿದೆ. ಒಂದು ಟಪಾಲುಪೆಟ್ಟಿಗೆಯೂ ಅಲ್ಲಾಡಲಿಲ್ಲ. ಮನೆಗೆ ಬಂದು ಫರ್ನಳ ಹಾಟ್‌ಡಿಶ್ ಎರಡು ತಟ್ಟೆ ತಿಂದೆ, ನೀನು ಹೇಳಿದ್ದು ನಿಜ, ಆಲೂಗಡ್ಡೆ ಜಾಸ್ತಿ. ಆಮೇಲೆ ಕೂತು ಅತ್ತೆ. ಇದನ್ನು ನೀನು ಮುಂದಿನ ಕ್ರಿಸ್‌ಮಸ್ ಕಾಗದದಲ್ಲಿ ಹಾಕಕೂಡದು.

ಬಸ್ಸು ನಿನಗೆ ಹತ್ತಿರದ ಬ್ಲೈತ್ ಊರಿಗೆ ೨೩ನೇ ತಾರೀಖು ಮಧ್ಯಾಹ್ನ ಎರಡಕ್ಕೆ ಬರುತ್ತದೆ. ನನ್ನ ಹತ್ತಿರ ಒಂದೇ ಚೀಲ. ನಿನ್ನ ಗೂಡಿನಲ್ಲಿ ಜಾಗವಿಲ್ಲದಿದ್ದರೆ ಕಾಲಡಿ ಇಟ್ಟುಕೊಳ್ಳುತ್ತೇನೆ. 'ಹೋಗು' ಅಂದರೆ ಮುಂದಿನ ಬಸ್ಸು ಐದಕ್ಕಿದೆ. ನಿಲ್ದಾಣದ ಪಕ್ಕ ಗಾಡಿ ನಿಲ್ಲಿಸುವ ಜಾಗ ಇಕ್ಕಟ್ಟು, ಹಿಂದೆ ಸಿಮೆಂಟ್ ಕಂಬವೂ ಇದೆ. ನೀನು ಓಡಿಸಿಕೊಂಡು ಬಾ. ಹದಿನೇಳು ತಿಂಗಳಾಯಿತು, ಹೆದರಿಕೆಯಾಗುತ್ತದೆ, ಆದರೂ ಬಾ. ಹಿಂದೆ ನಾನು ನಿಂತಿರುತ್ತೇನೆ.

ಕನ್ನಡಿಯಲ್ಲಿ ನನ್ನನ್ನು ಹುಡುಕು. ಅಂಗೈ ಬೀಸುತ್ತಿದ್ದರೆ ಅದು ಓಪಲ್‌ಗಲ್ಲ, ನಿನಗೆ.

ಡೆಲ್ಮರ್